ದಕ್ಷಿಣದ ದ್ರಾಕ್ಷಿಯೂ ಹಳೆಯ ಕೆಂಪು ಮದ್ಯವೂ



ದ್ರಾಕ್ಷಾಮದ್ಯದ ಚರಿತ್ರೆಯೆಂದೊಡನೆ ಕೆಲವರು ಹುಬ್ಬುಗಂಟಿಕ್ಕುವುದು ಸಹಜ. ಇನ್ನು ಕೆಲವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುವುದೂ ಸಹಜವೇ. ಇಬ್ಬರಿಗೂ ಮೊದಲೇ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಪಾನವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಈ ಭಾಷಣದ ಉದ್ದೇಶವಲ್ಲ. ನಮ್ಮ ನಾಡಿನ ಬೇಸಾಯಕ್ಕೂ ವ್ಯಾಪಾರಕ್ಕೂ ರಾಜ್ಯನೀತಿಗೂ ಸೇರಿದ ಒಂದು ಪ್ರಶ್ನೆಯನ್ನು ಬಿಡಿಸಿ ನೋಡುವುದಷ್ಟೇ ನಮ್ಮ ಕೆಲಸ. ಪ್ರಶ್ನೆ ಇದು: ಕನ್ನಡನಾಡಿನಲ್ಲಿ ದ್ರಾಕ್ಷಿಯ ಪರಿಚಯ ಬಹಳ ಹಳೆಯದು, ಮದ್ಯವು ಹಳೆಯದಾದಷ್ಟೂ ಗುಣ ಹೆಚ್ಚೆಂಬ ತಿಳಿವಳಿಕೆಯೂ ನಮ್ಮ ಶಾಸ್ತ್ರಗಳಲ್ಲಿ ಹಳೆಯದು. ಹೀಗಿದ್ದೂ ವರ್ಷಗಟ್ಟಲೆ ಇಟ್ಟು ಮಾಗಿಸತಕ್ಕ ಕೆಂಪು ದ್ರಾಕ್ಷಾಮದ್ಯವು ನಮ್ಮ ತೋಟಗಳಿಂದ ಹೊರಬರಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಕಾರಣವೇನು?

ಮಾಗುವ ಮದ್ಯವೆಂದರೇನೆಂಬುದನ್ನು ಮೊದಲು ತಿಳಿಯೋಣ. ಲೋಕದಲ್ಲಿ ತಯಾರಾಗುವ ದ್ರಾಕ್ಷಾಮದ್ಯದಲ್ಲಿ ಬಹುಭಾಗವು ಒಂದೆರಡು ವರ್ಷಗಳಲ್ಲಿ ಕುಡಿದು ಮುಗಿಸತಕ್ಕದ್ದು, ಇಟ್ಟರೆ ಕೆಡುತ್ತದೆ. ಕೆಲವು ಮಾತ್ರ ಇಟ್ಟಷ್ಟೂ ಏರುತ್ತವೆ. ಇವುಗಳಲ್ಲಿ ಹೆಸರಾದ ಹಲವು ಯೂರೋಪಿನ ದಕ್ಷಿಣದ ಬಿಸಿಲುಸೀಮೆಗೆ ಸೇರಿದವೆಂಬುದು ಗಮನಿಸತಕ್ಕ ಸಂಗತಿ. ಫ್ರಾನ್ಸಿನ ಮೆಡಿಟರೇನಿಯನ್ ತೀರದ ಬಾಂದೋಲ್ ಎಂಬ ಊರಿನ ಕೆಂಪು ಮದ್ಯವು ಮೂರ್ವೆದ್ರ್ ಎಂಬ ತಳಿಯಿಂದಾಗುವುದು. ಕನಿಷ್ಠ ೧೮ ತಿಂಗಳಾದರೂ ಮರದ ಪೀಪಾಯಿಯಲ್ಲಿ ಇರಬೇಕೆಂಬುದು ಅದರ ಕಟ್ಟಳೆ. ೧೯೪೧ರಲ್ಲಿಯೇ ಆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ದೊರಕಿತು. ದಕ್ಷಿಣ ಇಟಲಿಯ ತೌರಾಸಿಯಲ್ಲಿ ಅಲ್ಯಾನಿಕೊ ಎಂಬ ಕಪ್ಪು ದ್ರಾಕ್ಷಿಯ ಮದ್ಯವು ಮೂರು ವರ್ಷ ತುಂಬುವವರೆಗೆ ಅಂಗಡಿಗೆ ಬರುವಂತಿಲ್ಲ.

ಇವು ಮಾಗುವುದು ಹೇಗೆ? ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿ ಬಣ್ಣವಿದೆ, ಸಿಪ್ಪೆ ಬೀಜಗಳಲ್ಲಿ ಅಡಿಕೆಯ ಚೊಗರಿನಂತಹ ಒಗರಿದೆ, ರಸದಲ್ಲಿ ಹುಳಿಯಿದೆ. ರಸವನ್ನು ಸಿಪ್ಪೆಯೊಡನೆಯೇ ಹುದುಗೆಬ್ಬಿಸಿದಾಗ ಈ ಮೂರೂ ಮದ್ಯಕ್ಕೆ ಇಳಿಯುತ್ತವೆ. ತರುವಾಯ ಪೀಪಾಯಿಯ ಹಲಗೆಯ ಮೂಲಕ ಅತಿ ಸ್ವಲ್ಪವಾಗಿ ಗಾಳಿ ತಾಗುತ್ತ, ಒಗರೂ ಬಣ್ಣವೂ ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ನಾಲಗೆಯನ್ನು ಕಚ್ಚುತ್ತಿದ್ದ ಒಗರು ಮೃದುವಾಗುತ್ತದೆ. ನೇರಳೆಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಒಗರೂ ಹುಳಿಯೂ ಸಾಲದ ಮದ್ಯಕ್ಕೆ ಕಾಲವು ಶತ್ರು. ಸಾಕಷ್ಟಿರುವುದಕ್ಕೆ ಕಾಲವೇ ಗುರು. ಆದರೆ ಇದಕ್ಕೆ ತಂಪಾದ ನೆಲಮನೆ ಬೇಕು, ಒಳ್ಳೆಯ ಪೀಪಾಯಿ ಬೇಕು, ಎಲ್ಲಕ್ಕೂ ಮಿಗಿಲಾಗಿ, ಈ ವರ್ಷದ ಬೆಳೆಯ ಹಣವನ್ನು ಇನ್ನು ಐದು ವರ್ಷದ ಮೇಲೆ ಪಡೆಯಲು ಸಿದ್ಧನಾದ ಯಜಮಾನ ಬೇಕು. ಈ ಕೊನೆಯ ಅಂಶವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಈಗ ನಮ್ಮ ನಾಡಿಗೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವುಂಟು. ದ್ರಾಕ್ಷಿಯ ರಸದಿಂದಾದ ಮದ್ಯಕ್ಕೆ ಅಲ್ಲಿ ಮಧುವೆಂದು ಹೆಸರು. ಕಾಪಿಶಾಯನ, ಹಾರಹೂರಕ ಎಂದು ಅದರ ದೇಶನಾಮಗಳನ್ನೂ ಹೇಳಿದೆ. ಕಾಪಿಶಿಯೆಂಬುದು ಕಾಬೂಲಿನ ಉತ್ತರದ ಸೀಮೆ. ಎಂದರೆ ಆ ಕಾಲಕ್ಕೆ ಒಳ್ಳೆಯ ದ್ರಾಕ್ಷಾಮದ್ಯವೆಂದರೆ ವಾಯವ್ಯದಿಂದ ಬರತಕ್ಕ ಸರಕು.

ವೈದ್ಯಶಾಸ್ತ್ರದ ಮಾತು ಇನ್ನೂ ಸ್ವಾರಸ್ಯವಾದುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ೮೪ ಬಗೆಯ ಆಸವಗಳ ಎಣಿಕೆಯಿದೆ. ಹಣ್ಣುಗಳಿಂದಾಗುವ ಆಸವಗಳಲ್ಲಿ ದ್ರಾಕ್ಷಿಯೂ ಒಂದು. ಹೊಸ ಮದ್ಯವು ಗುರುವೆಂದೂ ದೋಷಕಾರಿಯೆಂದೂ, ಹಳೆಯದು ಲಘುವೆಂದೂ ಅಗ್ನಿದೀಪಕವೆಂದೂ ಆ ಗ್ರಂಥವೇ ಹೇಳುತ್ತದೆ. ಕಾಲವು ಮದ್ಯವನ್ನು ತಿದ್ದುತ್ತದೆಂಬುದನ್ನು ನಮ್ಮವರು ಪಶ್ಚಿಮದಿಂದ ಕಲಿಯಬೇಕಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆಸವ ಅರಿಷ್ಟಗಳ ಕ್ರಮವೂ ಅದನ್ನೇ ತೋರಿಸುತ್ತದೆ. ಮಡಕೆಯ ಒಳಮೈಗೆ ತುಪ್ಪ ಸವರಿ, ಧೂಪದ ಹೊಗೆ ಕೊಟ್ಟು, ಬೆಲ್ಲವನ್ನೂ ಕಷಾಯವನ್ನೂ ಹುಯ್ದು, ಬಾಯಿಗೆ ಮಣ್ಣು ಮೆತ್ತಿ, ಧಾನ್ಯದ ರಾಶಿಯಲ್ಲಿ ಹೂಳಿ ತಿಂಗಳುಗಟ್ಟಲೆ ಬಿಡುವರು. ಹುದುಗಿಗಾಗಿ ಸೇರಿಸುವುದು ಧಾತಕಿಯ ಹೂವನ್ನು. ಶಿವಮೊಗ್ಗ ಭದ್ರಾವತಿಗಳ ಸುತ್ತಣ ಎಲೆಯುದುರುವ ಕಾಡುಗಳಲ್ಲಿ ಬೇಸಗೆ ಬಂತೆಂದರೆ ಕೆಂಪಗೆ ಅರಳುವ ಪೊದೆ ಅದೇ.

ಹೀಗೆ ಹುದುಗು ನಮ್ಮ ಕಾಡಿನಲ್ಲಿತ್ತು, ವಿದ್ಯೆ ನಮ್ಮ ವೈದ್ಯರಲ್ಲಿತ್ತು. ಆದರೆ ದ್ರಾಕ್ಷಾಸವಕ್ಕೆ ವೈದ್ಯರು ಬಳಸುತ್ತ ಬಂದುದು ಒಣದ್ರಾಕ್ಷಿಯನ್ನು. ಒಣಹಣ್ಣು ವರ್ತಕರ ಮೂಟೆಯಲ್ಲಿ ಎಷ್ಟು ದೂರದಿಂದಲಾದರೂ ಬರಬಲ್ಲುದು, ಕೆಡುವುದಿಲ್ಲ. ಆದ್ದರಿಂದ ಮಾಗಿಸುವ ವಿದ್ಯೆಯುಳ್ಳವನಿಗೆ ಊರ ಪಕ್ಕದಲ್ಲಿ ದ್ರಾಕ್ಷಿಯ ತೋಟವಿರಬೇಕಾದ ಅಗತ್ಯವೇ ಇರಲಿಲ್ಲ. ಬಳ್ಳಿಗೂ ಮಡಕೆಗೂ ನಂಟು ಬೆಳೆಯದೆ ಹೋದುದಕ್ಕೆ ಇದು ಮೊದಲನೆಯ ಕಾರಣವೆಂದು ನಮ್ಮ ಅಭಿಪ್ರಾಯ. ಅಲ್ಲದೆ ಆಸವವು ಔಷಧ. ಅದರ ಅಳತೆ ತೊಲದ್ದು, ಪೀಪಾಯಿಯದಲ್ಲ.

ಅರಮನೆಗಳ ಕಥೆ ಬೇರೆ. ಕ್ರಿಸ್ತಶಕದ ಮೊದಲ ಶತಮಾನದ ಪೆರಿಪ್ಲಸ್ ಎಂಬ ಗ್ರೀಕು ನಾವಿಕಗ್ರಂಥವು, ಭರುಕಚ್ಛದ ರೇವಿನಲ್ಲಿ ಇಳಿಯುತ್ತಿದ್ದ ಸರಕುಗಳಲ್ಲಿ ಇಟಲಿಯ ಮದ್ಯಕ್ಕೆ ಮೊದಲ ಮನ್ನಣೆಯಿತ್ತೆಂದು ತಿಳಿಸುತ್ತದೆ. ಅಲ್ಲಿಯ ಅರಸನಿಗಾಗಿ ತರುತ್ತಿದ್ದ ವಸ್ತುಗಳಲ್ಲಿ ಉತ್ತಮ ಮದ್ಯವೂ ಸೇರಿತ್ತು. ಅದೇ ಕಾಲದ ರೋಮನ್ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತಿವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನಕ್ರೀಡೆಗೆ ಒಂದು ಪ್ರಕರಣವೇ ಮೀಸಲಾಗಿದೆ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸನು ಪೇಟೆಯಲ್ಲಿ ದ್ರಾಕ್ಷಿಯ ಧಾರಣೆಯನ್ನು ಕೂಡ ಬರೆದಿಟ್ಟಿದ್ದಾನೆ: ದಾಳಿಂಬೆ ಪಣಕ್ಕೆ ಹತ್ತಾದರೆ, ದ್ರಾಕ್ಷಿ ಪಣಕ್ಕೆ ಮೂರೇ ಗೊಂಚಲು. ೧೬೦೪ರ ಸುಮಾರಿಗೆ ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದ ಅಸದ್ ಬೇಗನು ಅಲ್ಲಿಯ ಬಜಾರಿನ ಮದ್ಯದಂಗಡಿಗಳ ಬೆಡಗನ್ನು ಬಣ್ಣಿಸಿದ್ದಾನೆ. ಹೊಗೆಸೊಪ್ಪನ್ನು ಅಕ್ಬರನ ಆಸ್ಥಾನಕ್ಕೆ ಒಯ್ದವನೂ ಇವನೇ.

ಈ ಸಾಕ್ಷ್ಯಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವು ಕೊಳ್ಳುವವರ ಚರಿತ್ರೆ, ಬೆಳೆಯುವವರದಲ್ಲ. ದೊರೆಯ ಪಾನಗೋಷ್ಠಿಗೆ ಮದ್ಯ ಎಲ್ಲಿಂದಲಾದರೂ ಬರಬಹುದಾಗಿತ್ತು. ದ್ರಾಕ್ಷಿಯು ಪೇಟೆಯಲ್ಲಿ ತುಟ್ಟಿಯ ಹಣ್ಣಾಗಿದ್ದಾಗ ಅದನ್ನು ಹಿಂಡಿ ರಸಮಾಡುವ ಬುದ್ಧಿ ಯಾವ ರೈತನಿಗೆ ಬಂದೀತು? ಯೂರೋಪಿನ ದಕ್ಷಿಣದಲ್ಲಾದರೋ ದ್ರಾಕ್ಷಿಯು ಬಡವನ ಕಲ್ಲುನೆಲದ ಬೆಳೆ; ಮದ್ಯವು ಅವನ ನಿತ್ಯದ ಊಟದೊಡನೆ ಬೆರೆತದ್ದು; ಇಗರ್ಜಿಯ ಪೂಜೆಗೆ ಅದು ಬೇಕೇ ಬೇಕು. ಸಂನ್ಯಾಸಿಗಳ ಮಠಗಳು ಶತಮಾನಗಟ್ಟಲೆ ಅದೇ ತೋಟವನ್ನು ಅದೇ ನೆಲಮನೆಯನ್ನು ಕಾಪಾಡಿಕೊಂಡು ಬಂದುವು. ನಮ್ಮಲ್ಲಿ ಶತಮಾನಗಟ್ಟಲೆ ನಿಂತ ಸಂಸ್ಥೆಗಳು ದೇವಾಲಯಗಳು, ಮಠಗಳು. ಅವುಗಳ ತೋಟಗಳಲ್ಲಿ ಬೆಳೆದುದು ತೆಂಗು, ಅಡಿಕೆ, ಬಾಳೆ, ಹೂವು. ದೀರ್ಘಕಾಲದ ತಾಳ್ಮೆಯುಳ್ಳ ಸಂಸ್ಥೆ ನಮ್ಮಲ್ಲಿಯೂ ಇತ್ತು. ಅದರ ಮನಸ್ಸು ಮದ್ಯದ ಕಡೆಗೆ ಇರಲಿಲ್ಲ, ಅಷ್ಟೆ.

ಪಶ್ಚಿಮದ ಮದ್ಯವು ಪೀಪಾಯಿಯೊಡನೆ ನಮ್ಮ ಕರಾವಳಿಗೆ ಬಂದುದು ಪೋರ್ಚುಗೀಸರಿಂದ. ಪೀಪಾಯಿಯೆಂಬ ಮಾತೇ ಅವರದು. ಅವರ ಭಾಷೆಯಲ್ಲಿ ಪೀಪ ಎಂದರೆ ಮದ್ಯ ತುಂಬುವ ಮರದ ಪಾತ್ರೆ. ನಾವು ಮಾತನ್ನು ಇಟ್ಟುಕೊಂಡೆವು, ಮದ್ಯವನ್ನು ಬಿಟ್ಟೆವು. ಪೀಪಾಯಿಯಲ್ಲಿ ಎಣ್ಣೆ ತುಂಬಿದೆವು, ಡಾಮರು ತುಂಬಿದೆವು. ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರದೊಡನೆ ಇಟಲಿಯ ಪಿಯೆತ್ರೊ ದೆಲ್ಲ ವಾಲೆಯು ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವನ್ನೇರಿ, ಈಗಿನ ಶಿವಮೊಗ್ಗ ಜಿಲ್ಲೆಯ ಇಕ್ಕೇರಿಗೆ, ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದನು. ದ್ರಾಕ್ಷಿಯ ನಾಡಿನವನೊಬ್ಬನು ಮಲೆನಾಡಿನ ರಾಜಧಾನಿಯನ್ನು ಕಂಡುಹೋದನು. ಆದರೆ ಆ ದಾರಿಯಲ್ಲಿ ವ್ಯಾಪಾರವಾಗಿ ಹರಿದದ್ದು ಮೆಣಸು, ಅಕ್ಕಿ.

ಪಶ್ಚಿಮದವರಿಗೂ ನಮ್ಮ ಬಿಸಿಲು ಒಂದು ಸಮಸ್ಯೆಯೇ ಆಗಿತ್ತು. ಸಾಮಾನ್ಯ ಕೆಂಪು ಮದ್ಯವು ಹಡಗಿನ ತಳದಲ್ಲಿ ಉಷ್ಣವಲಯವನ್ನು ದಾಟುವಷ್ಟರಲ್ಲಿ ಹುಳಿಯಾಗುತ್ತಿತ್ತು. ಮದೀರ ದ್ವೀಪದ ಮದ್ಯ ಮಾತ್ರ ಇದಕ್ಕೆ ಹೊರತು. ಸಾರಾಯಿ ಬೆರೆಸಿ ಬಲಪಡಿಸಿದ ಆ ಮದ್ಯವು ಬಿಸಿಲಿನ ಪ್ರಯಾಣದಿಂದ ಇನ್ನೂ ರುಚಿಯಾಗುತ್ತಿತ್ತು. ಪೀಪಾಯಿಗಳನ್ನು ಬೇಕೆಂದೇ ಉಷ್ಣವಲಯಕ್ಕೆ ಕಳುಹಿಸಿ ಹಿಂದಕ್ಕೆ ತರಿಸುತ್ತಿದ್ದ ಕಾಲವೂ ಇತ್ತು. ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶವು ಸ್ಥಾಪಿತವಾದ ಮೇಲೆ ಅಲ್ಲಿಯ ಅಧಿಕಾರಿಗಳ ಮೇಜಿಗೆ ಮದ್ಯ ಬರುತ್ತಿದ್ದುದು ಸಮುದ್ರಮಾರ್ಗದಿಂದಲೇ.

ಆದರೆ ಬೆಂಗಳೂರಿನ ಮಣ್ಣು ದ್ರಾಕ್ಷಿಗೆ ಅಷ್ಟರಲ್ಲಿಯೇ ಒಗ್ಗಿತ್ತು. ಟೀಪು ಸುಲ್ತಾನನು ೧೭೮೭ರಲ್ಲಿ ಮದ್ಯವನ್ನು ನಿಷೇಧಿಸಲು ಹೊರಟವನು. ಅವನೇ ತನ್ನ ತೋಟಗಳಿಗೆ ದೇಶದೇಶದ ಗಿಡಗಳನ್ನು ತರಿಸಿದವನೂ ಹೌದು. ಅವನು ಮಡಿದ ಮರುವರ್ಷ, ೧೮೦೦ರಲ್ಲಿ, ಬೆಂಗಳೂರಿನ ಆ ತೋಟಗಳನ್ನು ಕಂಡ ಬುಕನನ್ನನು ದ್ರಾಕ್ಷಿಯು ಅಲ್ಲಿ ಸೊಂಪಾಗಿ ಬೆಳೆಯುತ್ತಿತ್ತೆಂದು ಬರೆದಿದ್ದಾನೆ. ಪಾನವನ್ನು ತಡೆದ ದೊರೆಯ ತೋಟದಲ್ಲಿಯೇ ಬಳ್ಳಿ ಹಬ್ಬಿತ್ತೆಂಬುದು ಚರಿತ್ರೆಯ ಒಂದು ವಿನೋದ.

ಎಲ್ಲ ಕಡೆಯೂ ಅದು ಹಬ್ಬಲಾರದು. ಶಿವಮೊಗ್ಗದ ರಾಗಿಗುಡ್ಡದಿಂದ ಪಡುವಣಕ್ಕೆ ನಡೆದರೆ ಮಳೆ ಏರುತ್ತ ಹೋಗಿ, ಅದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರನ್ನೂ ಮೀರುತ್ತದೆ. ಮೂಡಣಕ್ಕೆ ನಡೆದರೆ ಮಳೆ ಇಳಿಯುತ್ತ ಬಯಲುಸೀಮೆ ತೊಡಗುತ್ತದೆ. ಮಲೆನಾಡಿನ ನೆನೆದ ಗಾಳಿಯಲ್ಲಿ ಬಳ್ಳಿಗೆ ಬೂಷ್ಟು ಹಿಡಿಯುತ್ತದೆ. ಅಡಿಕೆಗೆ ಅಮೃತವಾದುದು ದ್ರಾಕ್ಷಿಗೆ ವಿಷ. ರಾಗಿಯು ಬೆಳೆಯುವ ಮೂಡಣ ಬಯಲಿನ ಕೆಂಪು ಮಣ್ಣು, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯ ಎತ್ತರ, ತಂಪಾದ ರಾತ್ರಿ, ಇವು ಕೂಡುವ ಕಡೆಯೇ ಬಳ್ಳಿಗೆ ಹಿತ. ನಂದಿಬೆಟ್ಟದ ತಪ್ಪಲು ಅಂತಹ ಸ್ಥಳ.

ಅಲ್ಲಿಯೂ ಒಂದು ತೊಡಕುಂಟು. ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮ ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಆದ್ದರಿಂದ ರೈತನು ಕತ್ತರಿಯಿಂದಲೇ ಅದಕ್ಕೆ ಋತುಗಳನ್ನು ಕಲ್ಪಿಸಬೇಕು. ಏಪ್ರಿಲಿನಲ್ಲಿ ಒಮ್ಮೆ ಸವರಿ ಕಡ್ಡಿಯನ್ನು ಬೆಳೆಸುವರು. ಮಳೆಗಾಲ ಕಳೆಯುತ್ತ ಅಕ್ಟೋಬರಿನ ಸುಮಾರಿಗೆ ಮತ್ತೊಮ್ಮೆ ಸವರಿ ಹೂ ಬಿಡಿಸುವರು. ಫೆಬ್ರವರಿ ಮಾರ್ಚಿಗೆ ಕೊಯ್ಲು. ಬಿಸಿಲ ನಾಡಿನಲ್ಲಿ ಹಣ್ಣಿಗೆ ಸಿಹಿ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಸಿಪ್ಪೆ ಬೀಜಗಳು ಇನ್ನೂ ಹದವಾಗಿರುವುದಿಲ್ಲ. ಮಾಗುವ ಮದ್ಯಕ್ಕೆ ಮೂರೂ ಒಂದೇ ವಾರದಲ್ಲಿ ಕೂಡಬೇಕು. ಈ ಜಾಣ್ಮೆ ಕೈಗೂಡಲು ಒಂದು ತಲೆಮಾರಾದರೂ ಬೇಕು.

ನಮ್ಮ ರೈತರು ಆರಿಸಿಕೊಂಡದ್ದು ಸುಲಭವಾದ ದಾರಿ. ಅದು ವಿವೇಕದ ದಾರಿಯೂ ಹೌದು. ಬೆಂಗಳೂರು ನೀಲಿಯೆಂದು ಹೆಸರಾದ ದ್ರಾಕ್ಷಿಯನ್ನು ನಾವೆಲ್ಲ ಬಲ್ಲೆವು: ದಪ್ಪ ಸಿಪ್ಪೆ, ಜಾರುವ ತಿರುಳು, ಕೋಣೆಯನ್ನೆಲ್ಲ ತುಂಬುವ ವಾಸನೆ. ದ್ರಾಕ್ಷಿತಳಿಗಳ ಪಟ್ಟಿಗಳಲ್ಲಿ ಇದು ಇಸಬೆಲ್ಲ ಎಂಬುದರ ಪರ್ಯಾಯನಾಮ. ಅಮೆರಿಕ ಖಂಡದ ಕಾಡುದ್ರಾಕ್ಷಿಯ ರಕ್ತ ಇದರಲ್ಲಿದೆ; ಆದ್ದರಿಂದಲೇ ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳ ಎಷ್ಟೋ ಸಣ್ಣ ರೈತರ ಮನೆಗಳು ಈ ಚಪ್ಪರದ ಕೆಳಗೆ ಬಾಳಿವೆ. ೨೦೧೩ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ದೊರಕಿತು. ಆದರೆ ಮಾಗುವ ಮದ್ಯದ ದೃಷ್ಟಿಯಿಂದ ಇದಕ್ಕೆ ಕೊರತೆಯುಂಟು. ಹುಳಿ ಇದೆ, ಒಗರು ಸಾಲದು. ಕಾಡುದ್ರಾಕ್ಷಿಯ ಗಾಢವಾದ ವಾಸನೆ ಉಳಿದೆಲ್ಲವನ್ನೂ ಮುಚ್ಚುತ್ತದೆ. ಫ್ರಾನ್ಸಿನವರು ೧೯೩೪ರ ಕಾನೂನಿನಿಂದ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲವೂ ಒಂದು. ಅಲ್ಲಿ ಬಹಿಷ್ಕೃತವಾದ ಬಳ್ಳಿ ಇಲ್ಲಿ ಗೌರವಪತ್ರವನ್ನು ಪಡೆಯಿತು. ಎರಡೂ ನ್ಯಾಯವೇ: ಅವರು ಮದ್ಯವನ್ನು ನೋಡಿದರು, ನಾವು ಹಣ್ಣನ್ನೂ ಅದರಿಂದ ಬದುಕಿದ ಮನೆಗಳನ್ನೂ ನೋಡಿದೆವು.

ಮಾಗತಕ್ಕ ಕೆಂಪು ಮದ್ಯದ ಪ್ರಯತ್ನವು ನಂದಿಯ ತಪ್ಪಲಿನ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಕಂವಲ್ ಗ್ರೋವರರಿಂದ ನಡೆಯಿತು. ಫ್ರಾನ್ಸಿನ ಶಾಂಪೇನು ಸೀಮೆಯ ಜಾರ್ಜ್ ವೆಸೆಲರ ಸಲಹೆಯೊಡನೆ ಅವರು ಹಲವು ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿ, ೧೯೮೮ರಲ್ಲಿ ಸಂಸ್ಥೆಯನ್ನು ಕಟ್ಟಿದರು. ತರುವಾಯ ಬೋರ್ದೊ ಸೀಮೆಯ ಮಿಶೆಲ್ ರೋಲಾನರು ಸಲಹೆಗಾರರಾದರು. ಕಾಬೆರ್ನೆ ಸೊವಿನ್ಯೋಂ ಮತ್ತು ಶಿರಾಜ್ ತಳಿಗಳನ್ನು ಕೂಡಿಸಿ ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ ಲಾ ರಿಸರ್ವ್ ಎಂಬ ಕೆಂಪು ಮದ್ಯವು ಇಲ್ಲಿಂದ ಹೊರಟು ಹೊರದೇಶಗಳಲ್ಲಿಯೂ ಹೆಸರು ಪಡೆಯಿತು. ಅನಂತರ ಕೊಪ್ಪಳ ಜಿಲ್ಲೆಯ ಬಂಡೆಗುಡ್ಡಗಳ ನಡುವೆಯೂ, ಕ್ರಸ್ಮ ಎಂಬ ಹೆಸರಿನಿಂದ, ಕಾಬೆರ್ನೆಯ ತೋಟವೆದ್ದಿತು. ಪೇಸನು ದ್ರಾಕ್ಷಿಯ ಧಾರಣೆ ಬರೆದಿಟ್ಟ ರಾಜಧಾನಿಗೆ ಆ ಸೀಮೆ ದೂರವಲ್ಲ. ಬಿಸಿಲನ್ನು ಎತ್ತರದಿಂದಲೂ ಕತ್ತರಿಯಿಂದಲೂ ಯಂತ್ರದ ತಂಪಿನಿಂದಲೂ ಗೆಲ್ಲಬಹುದೆಂಬುದು ಹೀಗೆ ಸಿದ್ಧವಾಯಿತು. ಭೂಗೋಳದ ಆಕ್ಷೇಪಣೆಗೆ ಉತ್ತರ ದೊರಕಿತು.

ಉಳಿದುದು ಕಾಲದ ಆಕ್ಷೇಪಣೆ. ೨೦೦೭ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾಮದ್ಯದ ನೀತಿಯನ್ನು ಹೊರಡಿಸಿ, ಅದಕ್ಕಾಗಿ ಒಂದು ಮಂಡಳಿಯನ್ನೂ ಏರ್ಪಡಿಸಿತು. ಮರುವರ್ಷ, ೨೦೦೮ರ ಮೇ ತಿಂಗಳಲ್ಲಿ, ಅದೇ ನಂದಿಯ ಬಯಲಿನ ದೇವನಹಳ್ಳಿಯ ಬಳಿ ಬೆಂಗಳೂರಿನ ಹೊಸ ವಿಮಾನನಿಲ್ದಾಣ ತೆರೆಯಿತು. ಈ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ರೈತನಿಗೆ ಬಳ್ಳಿ ನೆಡು, ಕಾಯಿ ಎನ್ನುತ್ತದೆ. ಇನ್ನೊಂದು ಅದೇ ನೆಲವನ್ನು ನಿವೇಶನವಾಗಿ ಮಾರು ಎನ್ನುತ್ತದೆ. ಬಳ್ಳಿ ನೆಟ್ಟ ಮೇಲೆ ತಕ್ಕ ಫಲಕ್ಕೆ ಮೂರು ವರ್ಷ; ಮದ್ಯ ಮಾಗುವುದಕ್ಕೆ ಮತ್ತೈದು ವರ್ಷ; ಬೇರು ಆಳಕ್ಕಿಳಿದು ಹಣ್ಣಿನಲ್ಲಿ ನೆಲದ ಗುಣ ಮೂಡಬೇಕಾದರೆ ಇಪ್ಪತ್ತು ವರ್ಷ. ನೆಲದ ಬೆಲೆಯಾದರೋ ವರ್ಷವರ್ಷಕ್ಕೂ ಏರತಕ್ಕದ್ದು. ಮಗಳ ಮದುವೆ ಹತ್ತಿರ ಬಂದ, ಸಾಲ ತಲೆಯ ಮೇಲಿರುವ ಸಣ್ಣ ರೈತನಿಗೆ, ಇಪ್ಪತ್ತು ವರ್ಷ ಕಾಯೆಂದು ಬೋಧಿಸುವ ಅಧಿಕಾರ ಪಟ್ಟಣದಲ್ಲಿ ಕುಳಿತ ನಮಗಿಲ್ಲ.

ಇಲ್ಲಿಗೆ ಮೊದಲ ಪ್ರಶ್ನೆಗೆ ಉತ್ತರ ಕೂಡಿಬರುತ್ತದೆ. ಹಳೆಯ ಮದ್ಯ ನಮ್ಮಲ್ಲಿ ಹುಟ್ಟದೆ ಹೋದುದು ಬಳ್ಳಿ ಇಲ್ಲದೆಯೂ ಅಲ್ಲ, ವಿದ್ಯೆ ಇಲ್ಲದೆಯೂ ಅಲ್ಲ. ಬಳ್ಳಿಯುಳ್ಳವನು ಕಾಯಲಾರದವನಾಗಿದ್ದನು, ಕಾಯಬಲ್ಲವರಿಗೆ ಬಳ್ಳಿ ಬೇಡವಾಗಿತ್ತು. ಈಗ ಬಂಡವಾಳವುಳ್ಳ ಕೆಲವರು ಕಾಯತೊಡಗಿದ್ದಾರೆ. ಆದರೆ ಕಾಲ ಕೆಳಗಿನ ನೆಲವೇ ಓಡುತ್ತಿದೆ.

ಪಾನವನ್ನು ನಿರೋಧಿಸಲು ರಾಜ್ಯವು ಯತ್ನಿಸಬೇಕೆಂದು ನಮ್ಮ ಸಂವಿಧಾನದ ೪೭ನೆಯ ವಿಧಿಯೇ ಹೇಳುವಾಗ ಈ ಚಿಂತೆ ಏತಕ್ಕೆಂದು ಕೇಳಬಹುದು. ಆಕ್ಷೇಪಣೆ ಘನವಾದುದು, ಕುಡಿತದಿಂದ ಹಾಳಾದ ಸಂಸಾರಗಳನ್ನು ಬಲ್ಲವರಾರೂ ಅದನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ನಾವು ಹೇಳುತ್ತಿರುವ ಸಂಗತಿ ಮದ್ಯಕ್ಕೆ ಮಾತ್ರ ಸೇರಿದುದಲ್ಲ. ಬೆಂಗಳೂರು ನೀಲಿಯ ಹಣ್ಣೂ ಅದೇ ನೆಲವನ್ನು ಬೇಡುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸ ತೊಡಗಿದಾಗ ಮೊದಲ ವರ್ಷಗಳು ನಷ್ಟದವೇ. ಸಂಸ್ಥಾನವು ಆ ನಷ್ಟವನ್ನು ಹೊತ್ತು ಕಾದುದರಿಂದ ಅಲ್ಲಿ ಒಂದು ಕೈಗಾರಿಕೆಯೂ ಒಂದು ಪಟ್ಟಣವೂ ಬೇರೂರಿದುವು. ಒಂದು ಜನವು ಯಾವುದಕ್ಕಾಗಿ ಕಾಯಲು ಒಪ್ಪುತ್ತದೆಂಬುದು ಆ ಜನದ ಚರಿತ್ರೆಯ ಮುಖ್ಯ ಭಾಗ. ನಂದಿಯ ತಪ್ಪಲಿನ ಚಪ್ಪರಗಳಿಗಾಗಿ ನಾವು ಕಾಯಬೇಕೇ ಎಂಬುದನ್ನು ನಿರ್ಧರಿಸತಕ್ಕ ಕಾಲವಿದು. ಬೇಡವೆಂದಾದರೆ ಬೇಡವೆಂದೇ ತೀರ್ಮಾನಿಸೋಣ. ತೀರ್ಮಾನಿಸದೆಯೇ ಅವು ಹೋದುವೆಂದು ಮುಂದಿನವರು ಬರೆಯುವಂತೆ ಆಗದಿರಲಿ.